ವರ್ಣತಂತುವಿನ ದ್ರಷ್ಟಾರ ವಾಲ್ಥರ್ ಫ್ಲೆಮಿಂಗ್

ಪ್ರೌಢಶಾಲೆಯ ಜೀವಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ವರ್ಣತಂತು ಎಂಬ ಶಬ್ದವೊಂದು ಬರುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಉರುಹೊಡೆದು, ಮರುದಿನ ಉತ್ತರಪತ್ರಿಕೆಯಲ್ಲಿ ಇಳಿಸಿ, ಅಲ್ಲಿಗೆ ಅದರ ಋಣ ತೀರಿತೆಂದು ವಿದ್ಯಾರ್ಥಿಗಳು ಭಾವಿಸುವ ಶಬ್ದಗಳಲ್ಲಿ ಇದೂ ಒಂದು. ಆದರೆ ಶಬ್ದವನ್ನು ಬಿಡಿಸಿ ನೋಡುವ ಅಭ್ಯಾಸವುಳ್ಳವರಿಗೆ ಇದರಲ್ಲಿ ಒಂದು ಸ್ವಾರಸ್ಯ ಗೋಚರಿಸುತ್ತದೆ. ಯಾವ ಪಾಶ್ಚಾತ್ಯ ಶಬ್ದಕ್ಕೆ ಇದು ಪರ್ಯಾಯವಾಗಿ ಬಂದಿತೋ ಆ ಕ್ರೋಮೋಸೋಮ್ ಎಂಬುದಕ್ಕೆ ಗ್ರೀಕ್ ಮೂಲದಲ್ಲಿ ಬಣ್ಣದ ಕಾಯ ಎಂದರ್ಥ. ಕನ್ನಡವು ಬಣ್ಣವನ್ನು ಉಳಿಸಿಕೊಂಡು ಕಾಯವನ್ನು ಕೈಬಿಟ್ಟಿತು. ಅದರ ಸ್ಥಾನದಲ್ಲಿ ತಂತುವನ್ನು, ಎಂದರೆ ನೂಲನ್ನು, ಇರಿಸಿತು. ಹೀಗೆ ಮಾಡಿದ್ದರಿಂದ ಅದು ಕ್ರೋಮೋಸೋಮ್ ಎಂಬ ಶಬ್ದವನ್ನು ಟಂಕಿಸಿದವನನ್ನು ದಾಟಿ, ಆತನಿಗಿಂತ ಮೊದಲೇ ಆ ವಸ್ತುವನ್ನು ವಿಧಿವತ್ತಾಗಿ ಕಂಡು, ಒಮ್ಮೆ ಬಣ್ಣವೆಂದೂ ಮತ್ತೊಮ್ಮೆ ನೂಲೆಂದೂ ಎರಡು ಹೆಸರುಗಳನ್ನಿಟ್ಟ ಮಹನೀಯನೊಬ್ಬನ ಸಮೀಪಕ್ಕೆ ಬಂದು ನಿಂತಿತು. ಆತನೇ ಜರ್ಮನಿಯ ಅಂಗರಚನಾಶಾಸ್ತ್ರಜ್ಞ ವಾಲ್ಥರ್ ಫ್ಲೆಮಿಂಗ್. ಪೆನ್ಸಿಲಿನ್ನನ್ನು ಕಂಡುಹಿಡಿದ ಅಲೆಗ್ಸಾಂಡರ್ ಫ್ಲೆಮಿಂಗನೊಡನೆ ಈತನನ್ನು ಬೆರೆಸಿಕೊಳ್ಳಬಾರದು. ಆತನಿಗೆ ದೊರೆತ ಕೀರ್ತಿಯ ಶತಾಂಶವೂ ಈತನಿಗೆ ದೊರೆಯಲಿಲ್ಲ. ಆದರೂ ನಮ್ಮ ಶರೀರದಲ್ಲಿ ಪ್ರತಿ ನಿಮಿಷವೂ ನಡೆಯುವ ಒಂದು ಮಹಾಕಾರ್ಯದ ಕ್ರಮವನ್ನು ಲೋಕಕ್ಕೆ ತೋರಿಸಿಕೊಟ್ಟವರಲ್ಲಿ ಈತನು ಅಗ್ರಗಣ್ಯನು.

ವಾಲ್ಥರ್ ಫ್ಲೆಮಿಂಗನು 1843ನೆಯ ಇಸವಿ ಏಪ್ರಿಲ್ 21ರಂದು, ಉತ್ತರ ಜರ್ಮನಿಯ ಮೆಕ್ಲೆನ್‌ಬುರ್ಗ್ ಸೀಮೆಯ ಷ್ವೆರೀನ್ ನಗರದ ಬಳಿ ಇರುವ ಸಾಕ್ಸೆನ್‌ಬೆರ್ಗ್ ಎಂಬಲ್ಲಿ ಜನಿಸಿದನು. ಆಗ ಜರ್ಮನಿಯು ಏಕರಾಷ್ಟ್ರವಾಗಿರಲಿಲ್ಲ. ಅನೇಕ ಸಂಸ್ಥಾನಗಳ ಸಮೂಹವಾಗಿತ್ತು. ಆತನ ತಂದೆ ಕಾರ್ಲ್ ಫ್ರೀಡ್ರಿಖ್ ಫ್ಲೆಮಿಂಗನು ಮಾನಸಿಕ ರೋಗಗಳ ವೈದ್ಯನಾಗಿ ಹೆಸರು ಪಡೆದವನು. 1830ರಲ್ಲಿ ಸಾಕ್ಸೆನ್‌ಬೆರ್ಗ್‌ನಲ್ಲಿ ಸ್ಥಾಪಿತವಾದ ಮಾನಸಿಕ ಚಿಕಿತ್ಸಾಲಯಕ್ಕೆ ಮೊದಲ ನಿರ್ದೇಶಕನು. ಬುದ್ಧಿಭ್ರಮಣೆಯುಳ್ಳವರನ್ನು ಸೆರೆಯಾಳುಗಳಂತೆ ಕೂಡಿಹಾಕುವ ಪದ್ಧತಿ ಇನ್ನೂ ಅಳಿಯದಿದ್ದ ದಿನಗಳಲ್ಲಿ, ಅವರೂ ಚಿಕಿತ್ಸೆಗೆ ಅರ್ಹರಾದ ರೋಗಿಗಳೇ ಎಂದು ನಂಬಿ ನಡೆದ ವೈದ್ಯರ ಸಾಲಿಗೆ ಆತನು ಸೇರಿದವನು. ವಾಲ್ಥರನು ಆತನ ಎರಡನೆಯ ಪತ್ನಿಯಲ್ಲಿ ಹುಟ್ಟಿದ ಏಕಮಾತ್ರ ಪುತ್ರ.

ಷ್ವೆರೀನ್ ನಗರದ ಶಾಲೆಯಲ್ಲಿ ಓದುತ್ತಿದ್ದಾಗ ಹೈನ್‌ರಿಖ್ ಸೈಡೆಲ್ ಎಂಬ ಸಹಪಾಠಿಯೊಡನೆ ಆತನಿಗೆ ಸ್ನೇಹ ಬೆಳೆಯಿತು. ಈ ಸೈಡೆಲನು ಮುಂದೆ ಎಂಜಿನಿಯರನಾಗಿ ಬರ್ಲಿನ್ ನಗರದ ಆನ್‌ಹಾಲ್ಟ್ ರೈಲು ನಿಲ್ದಾಣದ ವಿಶಾಲವಾದ ಛಾವಣಿಯ ರಚನೆಯಲ್ಲಿ ಭಾಗವಹಿಸಿದನು. ತರುವಾಯ ಆ ವೃತ್ತಿಯನ್ನೇ ಬಿಟ್ಟು ಜನಪ್ರಿಯ ಸಾಹಿತಿಯಾದನು. ಒಂದೇ ಬೆಂಚಿನಿಂದ ಎದ್ದವರಲ್ಲಿ ಒಬ್ಬನು ಕಥೆಗಾರನೂ ಇನ್ನೊಬ್ಬನು ಸೂಕ್ಷ್ಮದರ್ಶಕದ ಉಪಾಸಕನೂ ಆದುದು ವಿಶೇಷ. ಇಬ್ಬರ ಸ್ನೇಹ ಬಾಳಿನುದ್ದಕ್ಕೂ ಉಳಿಯಿತು.

ತಂದೆಯ ಮಾರ್ಗವನ್ನೇ ಹಿಡಿದು ಫ್ಲೆಮಿಂಗನು ವೈದ್ಯಕೀಯವನ್ನು ಆರಿಸಿಕೊಂಡನು. ಅಂದಿನ ಜರ್ಮನಿಯಲ್ಲಿ ವಿದ್ಯಾರ್ಥಿಗಳು ಒಂದೇ ವಿದ್ಯಾಪೀಠಕ್ಕೆ ಅಂಟಿಕೊಳ್ಳದೆ, ಒಳ್ಳೆಯ ಗುರುಗಳಿರುವೆಡೆಗೆ ಸಂಚರಿಸಿ ಕಲಿಯುವ ರೂಢಿಯಿತ್ತು. ನಮ್ಮಲ್ಲಿಯೂ ಹಿಂದೆ ವ್ಯಾಕರಣಕ್ಕೊಂದು ಊರು, ತರ್ಕಕ್ಕೊಂದು ಊರು ಎಂದು ವಿದ್ಯಾರ್ಥಿಗಳು ಅಲೆಯುತ್ತಿದ್ದುದುಂಟು. ಅದೇ ರೀತಿಯಲ್ಲಿ ಗಾಟಿಂಗೆನ್, ಟ್ಯೂಬಿಂಗೆನ್, ಬರ್ಲಿನ್‌ಗಳಲ್ಲಿ ಅಧ್ಯಯನ ನಡೆಸಿ, ಕಡೆಗೆ ರಾಸ್ಟಾಕ್ ವಿಶ್ವವಿದ್ಯಾಲಯದಿಂದ 1868ರಲ್ಲಿ ಪದವಿ ಪಡೆದನು. ಕೆಲಕಾಲ ರಾಸ್ಟಾಕ್‌ನಲ್ಲಿ ಪ್ರಾಣಿಶಾಸ್ತ್ರಜ್ಞ ಷುಲ್ಟ್ಸೆಯ ಬಳಿಯೂ ಆಮ್‌ಸ್ಟರ್‌ಡ್ಯಾಮಿನಲ್ಲಿ ಶರೀರಕ್ರಿಯಾವಿಜ್ಞಾನಿ ಕ್ಯೂನೆಯ ಬಳಿಯೂ ಸಹಾಯಕನಾಗಿದ್ದನು. 1870-71ರ ಫ್ರಾನ್ಸ್-ಪ್ರಷ್ಯಾ ಯುದ್ಧದಲ್ಲಿ ಸೇನಾ ವೈದ್ಯನಾಗಿ ದುಡಿದನು. ಯುದ್ಧ ಮುಗಿದಾಗ ಏಕೀಕೃತ ಜರ್ಮನಿ ಉದಯಿಸಿತ್ತು. ಫ್ಲೆಮಿಂಗನು ಮತ್ತೆ ವಿದ್ಯಾವ್ಯಾಸಂಗಕ್ಕೆ ಮರಳಿದನು.

ಆತನು ಯಾವ ಸಮಸ್ಯೆಗೆ ಕೈಹಾಕಿದನೆಂಬುದನ್ನು ಅರಿಯಲು ಆಗಿನ ಜೀವಶಾಸ್ತ್ರದ ಸ್ಥಿತಿಯನ್ನು ತುಸು ನೋಡಬೇಕು. ಸಸ್ಯಗಳೂ ಪ್ರಾಣಿಗಳೂ ಜೀವಕೋಶಗಳಿಂದಲೇ ಕಟ್ಟಲ್ಪಟ್ಟಿವೆ ಎಂಬ ಸಿದ್ಧಾಂತವನ್ನು 1838-39ರಲ್ಲಿ ಷ್ಲೈಡೆನ್ ಮತ್ತು ಷ್ವಾನ್ ಎಂಬಿಬ್ಬರು ಪ್ರತಿಪಾದಿಸಿದ್ದರು. ಆದರೆ ಹೊಸ ಕೋಶ ಎಲ್ಲಿಂದ ಬರುತ್ತದೆ? ಪಾಕದಲ್ಲಿ ಕಲ್ಲುಸಕ್ಕರೆಯ ಹರಳು ಕಟ್ಟುವಂತೆ, ಒಂದು ಬಗೆಯ ದ್ರವದಲ್ಲಿ ಹೊಸ ಕೋಶಗಳು ತಾವಾಗಿಯೇ ಹೆಪ್ಪುಗಟ್ಟುತ್ತವೆ ಎಂದು ಅವರು ನಂಬಿದ್ದರು. ಬರ್ಲಿನ್ನಿನ ರಾಬರ್ಟ್ ರೆಮಾಕನು ಇದನ್ನು ಒಪ್ಪದೆ, ಇದ್ದ ಕೋಶ ಎರಡಾಗಿ ಸೀಳುವುದರಿಂದಲೇ ಹೊಸ ಕೋಶಗಳು ಉಂಟಾಗುತ್ತವೆ ಎಂದು 1852ರಲ್ಲಿ ಸಾರಿದನು. 1855ರಲ್ಲಿ ರುಡಾಲ್ಫ್ ವಿರ್ಖೋವನು ಅದನ್ನೇ ಒಂದು ಲ್ಯಾಟಿನ್ ಸೂತ್ರವಾಗಿ ರೂಪಿಸಿ ಪ್ರಸಿದ್ಧಿಗೆ ತಂದನು. ರೆಮಾಕನ ಹೆಸರು ಹಿಂದೆ ಸರಿಯಿತು; ಸೂತ್ರಕಾರನ ಹೆಸರು ನಿಂತಿತು. ಶಾಸ್ತ್ರಲೋಕದಲ್ಲಿ ಇಂತಹುದು ಅಪೂರ್ವವೇನಲ್ಲ.

ಇಷ್ಟಾದರೂ ಮುಖ್ಯ ತೊಡಕು ಉಳಿದೇ ಇತ್ತು. ಕೋಶದ ನಡುವೆ ಕೋಶಕೇಂದ್ರವೆಂಬ ದುಂಡನೆಯ ಭಾಗವೊಂದಿದೆ. ಕೋಶ ಎರಡಾಗುವ ಹೊತ್ತಿಗೆ ಅದು ಕಣ್ಣಿಗೆ ಕಾಣದಂತೆ ಮರೆಯಾಗಿ, ಆಮೇಲೆ ಎರಡು ಕೇಂದ್ರಗಳು ಕಾಣಿಸಿಕೊಳ್ಳುತ್ತವೆ. ಹಳೆಯ ಕೇಂದ್ರವು ಕರಗಿ ನಾಶವಾಗಿ ಎರಡು ಹೊಸ ಕೇಂದ್ರಗಳು ಸೃಷ್ಟಿಯಾಗುತ್ತವೆಂದು ಹಲವರೂ, ಅದು ನಡುವೆ ಹಿಸುಕಿಕೊಂಡು ಎರಡಾಗುತ್ತದೆಂದು ಕೆಲವರೂ ಹೇಳುತ್ತಿದ್ದರು. ಇದು ಕೇವಲ ಪಂಡಿತರ ವಾಗ್ವಾದವಾಗಿರಲಿಲ್ಲ. ಹಳೆಯದು ಪೂರ್ತಿಯಾಗಿ ನಾಶವಾಗುವುದಾದರೆ ತಾಯಿಕೋಶಕ್ಕೂ ಮರಿಕೋಶಕ್ಕೂ ನಡುವೆ ಒಂದು ಕಡಿತ ಬೀಳುತ್ತದೆ. ಪ್ರತಿ ಬಾರಿಯೂ ಹೊಸತಾಗಿ ಆರಂಭಿಸಬೇಕಾಗುತ್ತದೆ. ಹಾಗಾದರೆ ತಂದೆಯ ಮೂಗು ಮಗನಿಗೆ, ಅಜ್ಜಿಯ ಕಣ್ಣು ಮೊಮ್ಮಗಳಿಗೆ ಬರುವುದೆಂತು? ಈ ಪ್ರಶ್ನೆಯನ್ನು ಅಂದು ಯಾರೂ ಇಷ್ಟು ಬಿಡಿಸಿ ಕೇಳಿರಲಿಲ್ಲವಾದರೂ ಅದು ಒಳಗೆ ಅಡಗಿಯೇ ಇತ್ತು.

1873ರಲ್ಲಿ ಫ್ಲೆಮಿಂಗನು ಪ್ರಾಗ್ ವಿಶ್ವವಿದ್ಯಾಲಯಕ್ಕೆ ಅಧ್ಯಾಪಕನಾಗಿ ಹೋದನು. ಸಿಹಿನೀರಿನ ಕಪ್ಪೆಚಿಪ್ಪಿನ ಜೀವಿಯ ತತ್ತಿಗಳು ಹೇಗೆ ಬೆಳೆಯುತ್ತವೆಂಬುದನ್ನು ಪರಿಶೀಲಿಸುವಾಗ, ಸೀಳುತ್ತಿರುವ ತತ್ತಿಗಳಲ್ಲಿ ನಕ್ಷತ್ರಾಕಾರದ ವಿಚಿತ್ರ ರೇಖೆಗಳು ಆತನ ಕಣ್ಣಿಗೆ ಬಿದ್ದವು. ಆ ಕಾಲಕ್ಕೆ ಷ್ನೈಡರ್, ಬ್ಯುಚ್ಲಿ, ಸಸ್ಯಶಾಸ್ತ್ರಜ್ಞ ಷ್ಟ್ರಾಸ್‌ಬುರ್ಗರ್ ಮೊದಲಾದವರೂ ಇಂತಹ ಆಕೃತಿಗಳನ್ನು ಬೇರೆ ಬೇರೆ ಜೀವಿಗಳಲ್ಲಿ ಕಂಡು ಚಿತ್ರಿಸತೊಡಗಿದ್ದರು. ಪ್ರಾಗ್ ನಗರದಲ್ಲಿ ಜರ್ಮನ್ ಮತ್ತು ಚೆಕ್ ಭಾಷಿಕರ ನಡುವಿನ ವೈಮನಸ್ಯ ಆಗ ಉಲ್ಬಣಿಸುತ್ತಿತ್ತು. 1882ರಲ್ಲಿ ಆ ವಿಶ್ವವಿದ್ಯಾಲಯವೇ ಜರ್ಮನ್ ಒಂದು, ಚೆಕ್ ಒಂದು ಎಂದು ಇಬ್ಭಾಗವಾಯಿತು. ವಿಭಜನೆಯನ್ನು ಕುರಿತ ಫ್ಲೆಮಿಂಗನ ಮಹಾಗ್ರಂಥವು ಪ್ರಕಟವಾದುದೂ ಅದೇ ವರ್ಷ! ಆ ವೇಳೆಗೆ ಆತನು ಅಲ್ಲಿರಲಿಲ್ಲ. 1876ರಲ್ಲಿಯೇ ಬಾಲ್ಟಿಕ್ ಸಮುದ್ರತೀರದ ಕೀಲ್ ನಗರದ ವಿಶ್ವವಿದ್ಯಾಲಯಕ್ಕೆ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕನೂ ಆ ವಿಭಾಗದ ಸಂಸ್ಥೆಗೆ ನಿರ್ದೇಶಕನೂ ಆಗಿ ಬಂದಿದ್ದನು. ಉಳಿದ ಬಾಳೆಲ್ಲ ಕೀಲ್‌ನಲ್ಲಿಯೇ ಸವೆಯಿತು.

ಕೀಲ್‌ನಲ್ಲಿ ಆತನಿಗೆ ಮೂರು ಅನುಕೂಲಗಳು ಕೂಡಿಬಂದವು. ಒಂದು, ಬಣ್ಣ. 1856ರಲ್ಲಿ ಪರ್ಕಿನ್ ಎಂಬ ಹದಿನೆಂಟರ ಹರೆಯದ ಆಂಗ್ಲ ತರುಣನು, ಮಲೇರಿಯಾಕ್ಕೆ ಔಷಧವಾದ ಕ್ವಿನೈನನ್ನು ಕೃತಕವಾಗಿ ತಯಾರಿಸಹೋಗಿ, ಕಲ್ಲಿದ್ದಲಿನ ಡಾಂಬರಿನಿಂದ ದೊರೆಯುವ ಅನಿಲೀನ್ ಮೂಲಕ ನೇರಿಳೆ ಬಣ್ಣವೊಂದನ್ನು ಪಡೆದಿದ್ದನು. ಅಲ್ಲಿಂದ ಮುಂದೆ ಜರ್ಮನಿಯ ಕಾರ್ಖಾನೆಗಳಿಂದ ಹೊಸ ಹೊಸ ಬಣ್ಣಗಳು ಪ್ರವಾಹದಂತೆ ಹೊರಬಂದವು. ಬಟ್ಟೆಗೆಂದು ಹುಟ್ಟಿದ ಬಣ್ಣಗಳು ಸೂಕ್ಷ್ಮದರ್ಶಕದ ಗಾಜಿನ ಪಟ್ಟಿಯ ಮೇಲೂ ಏರಿದವು. ಹತ್ತಿಗೆ ಹಿಡಿಯುವ ಬಣ್ಣ ರೇಷ್ಮೆಗೆ ಹಿಡಿಯದು, ರೇಷ್ಮೆಗೆ ಹಿಡಿಯುವುದು ಹತ್ತಿಯಲ್ಲಿ ನಿಲ್ಲದು ಎಂಬುದು ನಮ್ಮ ಬಣ್ಣಗಾರರಿಗೆಲ್ಲ ತಿಳಿದ ಸಂಗತಿ. ಕೋಶದಲ್ಲಿಯೂ ಹಾಗೆಯೇ: ಸುತ್ತಲಿನ ಲೋಳೆಯಂತಹ ದ್ರವ್ಯವು ಬಣ್ಣವನ್ನು ಕಳೆದುಕೊಂಡರೆ, ಕೇಂದ್ರದೊಳಗಿನ ಒಂದು ದ್ರವ್ಯವು ಮಾತ್ರ ಅದನ್ನು ಗಾಢವಾಗಿ ಹೀರಿ ಹಿಡಿದುಕೊಳ್ಳುತ್ತದೆ. ಎರಡನೆಯದು, ಮಸೂರ. 1878ರ ಸುಮಾರಿಗೆ ಯೇನಾ ನಗರದಲ್ಲಿ ಎರ್ನ್‌ಸ್ಟ್ ಆಬೆಯು ಕಾರ್ಲ್ ಜೈಸ್ ಸಂಸ್ಥೆಗಾಗಿ, ಮಸೂರಕ್ಕೂ ಗಾಜಿಗೂ ನಡುವೆ ಎಣ್ಣೆಯ ಹನಿಯಿಟ್ಟು ನೋಡುವ ಉತ್ಕೃಷ್ಟ ಮಸೂರಗಳನ್ನು ರೂಪಿಸಿದನು. ಹಿಂದೆ ಮಸುಕಾಗಿದ್ದುದು ಈಗ ಸ್ಫುಟವಾಯಿತು.

ಮೂರನೆಯದು ಸಾಲಮಾಂಡರ್ ಎಂಬ ಪ್ರಾಣಿ. ಇದು ಕಪ್ಪೆಗಳ ಬಂಧು, ಆಕಾರದಲ್ಲಿ ಹಲ್ಲಿಯಂತೆ. ಕರ್ನಾಟಕದಲ್ಲಿ ಇದು ಕಾಣಸಿಗದು. ಯೂರೋಪಿನ ಕಾಡುಗಳಲ್ಲಿ ಕಪ್ಪು ಮೈಯ ಮೇಲೆ ಹಳದಿ ಮಚ್ಚೆಗಳಿರುವ ಜಾತಿಯೊಂದುಂಟು. ಅದರ ಮರಿಗಳು ನೀರಿನಲ್ಲಿ ಕಿವಿರುಗಳಿಂದ ಉಸಿರಾಡುತ್ತ ಬೆಳೆಯುತ್ತವೆ. ಈ ಪ್ರಾಣಿಯ ಜೀವಕೋಶಗಳೂ ಕೇಂದ್ರಗಳೂ ಇತರ ಅನೇಕ ಪ್ರಾಣಿಗಳವುಗಳಿಗಿಂತ ಬಹು ದೊಡ್ಡವು. ಮರಿಯ ಬಾಲದ ಅಂಚು ಮತ್ತು ಕಿವಿರು ಎಷ್ಟು ತೆಳುವೆಂದರೆ ಬೆಳಕು ಅವುಗಳ ಮೂಲಕ ಹಾಯ್ದು ಬರುತ್ತದೆ. ಮರಿ ಬೆಳೆಯುತ್ತಿರುವುದರಿಂದ ಅಲ್ಲಿ ಕೋಶಗಳು ಸದಾ ವಿಭಜಿಸುತ್ತಿರುತ್ತವೆ. ಇದನ್ನು ಆರಿಸಿಕೊಂಡದ್ದರಲ್ಲಿಯೇ ಫ್ಲೆಮಿಂಗನ ವಿವೇಕದ ಬಹುಪಾಲು ಇದೆಯೆಂದು ನನ್ನ ಅಭಿಪ್ರಾಯ.

ಕೋಶವನ್ನು ಬಣ್ಣಗೊಳಿಸಬೇಕಾದರೆ ಮೊದಲು ಅದು ಕೊಳೆಯದಂತೆ, ಆಕಾರ ಕೆಡದಂತೆ, ಇದ್ದಂತೆಯೇ ನಿಲ್ಲಿಸಬೇಕು. ಕ್ರೋಮಿಕ್, ಆಸ್ಮಿಕ್, ಅಸಿಟಿಕ್ ಆಮ್ಲಗಳನ್ನು ಬೆರೆಸಿ ಆತನು ಸಿದ್ಧಪಡಿಸಿದ ದ್ರಾವಣವು ಇಂದಿಗೂ ಫ್ಲೆಮಿಂಗ್ ದ್ರಾವಣವೆಂದೇ ಹೆಸರುಗೊಂಡಿದೆ. ಹೀಗೆ ನಿಲ್ಲಿಸಿ, ಬಣ್ಣ ಹಚ್ಚಿ, ಮಸೂರದ ಕೆಳಗಿಟ್ಟಾಗ ಕಂಡ ದೃಶ್ಯಗಳು ಹಲವು. ಒಂದು ಕೋಶದಲ್ಲಿ ಬಣ್ಣ ಹೀರಿದ ದ್ರವ್ಯವು ಬಲೆಯಂತೆ ಹರಡಿದೆ. ಮತ್ತೊಂದರಲ್ಲಿ ನೂಲಿನ ಲಡಿ ಸಿಕ್ಕುಗಟ್ಟಿದಂತಿದೆ. ಇನ್ನೊಂದರಲ್ಲಿ ದಪ್ಪನೆಯ ತುಂಡುಗಳು ನಡುವೆ ನಕ್ಷತ್ರದಂತೆ ನೆರೆದಿವೆ. ಬೇರೊಂದರಲ್ಲಿ ಎರಡು ನಕ್ಷತ್ರಗಳು ಎರಡು ಧ್ರುವಗಳ ಕಡೆ ಸರಿದಿವೆ. ಆದರೆ ಇವೆಲ್ಲ ಸತ್ತ ಕೋಶಗಳು. ಒಂದೊಂದೂ ಒಂದೊಂದು ಕ್ಷಣದಲ್ಲಿ ಸ್ತಬ್ಧವಾದದ್ದು. ಯಾವುದು ಮೊದಲು, ಯಾವುದು ಅನಂತರ? ಹೊಲಿಗೆ ಬಿಚ್ಚಿ ಹಾಳೆಗಳು ಚೆದರಿದ, ಪುಟಸಂಖ್ಯೆಯಿಲ್ಲದ ಓಲೆಗರಿಯ ಕಟ್ಟು ಕೈಗೆ ಬಂದಾಗ ಸಂಪಾದಕನಿಗೆ ಒದಗುವ ಸಂಕಟವೇ ಇದು. ಊಹೆಯಿಂದ ಜೋಡಿಸಬಹುದು; ತಪ್ಪಿ ಜೋಡಿಸಲೂಬಹುದು.

ನಮ್ಮ ತರ್ಕಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಒಂದೊಂದು ಆಕೃತಿಯೂ ಪ್ರತ್ಯಕ್ಷ. ಅವುಗಳ ಕ್ರಮ ಮಾತ್ರ ಅನುಮಾನ. ಅನುಮಾನವು ನಿಲ್ಲಬೇಕಾದರೆ ವ್ಯಾಪ್ತಿ ಸಿದ್ಧವಾಗಿರಬೇಕು. ಹೊಗೆಯಿರುವಲ್ಲಿ ಬೆಂಕಿಯಿರುವುದನ್ನು ಅಡುಗೆಮನೆಯಲ್ಲಿ ಕಂಡವನು ಮಾತ್ರ ಬೆಟ್ಟದ ಮೇಲಿನ ಹೊಗೆಯನ್ನು ನೋಡಿ ಬೆಂಕಿಯನ್ನು ಊಹಿಸಬಲ್ಲನು. ಫ್ಲೆಮಿಂಗನು ಆ ಅಡುಗೆಮನೆಯನ್ನು ಹುಡುಕಿದನು. ಬಣ್ಣವಿಲ್ಲದ, ಜೀವಂತವಾದ ಸಾಲಮಾಂಡರ್ ಮರಿಯ ಕೋಶಗಳನ್ನೇ ಮಸೂರದ ಕೆಳಗೆ ಇರಿಸಿ ಗಂಟೆಗಟ್ಟಲೆ ಕಾದು ಕುಳಿತನು. ಬಣ್ಣ ಹಚ್ಚಿದಾಗ ಏನು ಕಾಣಬೇಕೆಂಬುದನ್ನು ಮೊದಲೇ ಅರಿತಿದ್ದ ಕಣ್ಣಿಗೆ, ಜೀವಂತ ಕೋಶದಲ್ಲಿ ಮಂಜಿನೊಳಗಿನ ಎಳೆಗಳಂತಿದ್ದ ಅವೇ ನೂಲುಗಳು ಮಸುಕಾಗಿ ಗೋಚರಿಸಿದವು. ಒಂದೇ ಕೋಶವು ಲಡಿಯಿಂದ ನಕ್ಷತ್ರವಾಗಿ, ನಕ್ಷತ್ರ ಎರಡಾಗಿ, ಎರಡು ಲಡಿಗಳಾಗಿ ಪರಿಣಮಿಸುವುದನ್ನು ಆತನು ಕಂಡನು. ಒಂದು ಅವಸ್ಥೆಯಿಂದ ಇನ್ನೊಂದಕ್ಕೆ ಹೋಗುವಾಗ ಕೊಂಡಿ ತಪ್ಪದಂತೆ ಚಿತ್ರ ಬರೆದನು. ಆಮೇಲೆ ಬಣ್ಣ ಹಚ್ಚಿದ ಕೋಶಗಳೊಡನೆ ತಾಳೆ ನೋಡಿದನು. 1879ರಿಂದ 1881ರವರೆಗೆ ಸೂಕ್ಷ್ಮ ಅಂಗರಚನಾಶಾಸ್ತ್ರದ ಜರ್ಮನ್ ಪತ್ರಿಕೆಯೊಂದರಲ್ಲಿ ಈ ಸಂಶೋಧನೆಗಳು ಮೂರು ಕಂತುಗಳಲ್ಲಿ ಪ್ರಕಟವಾದವು. 1882ರಲ್ಲಿ ಕೋಶದ್ರವ್ಯ, ಕೋಶಕೇಂದ್ರ ಮತ್ತು ಕೋಶವಿಭಜನೆಯನ್ನು ಕುರಿತ ಗ್ರಂಥವು ಲೈಪ್‌ಜಿಗ್‌ನಿಂದ ಹೊರಬಂದಿತು.

ಆತನು ಕಂಡ ಕ್ರಮವನ್ನು ಸಂಕ್ಷೇಪವಾಗಿ ಹೀಗೆ ವಿವರಿಸಬಹುದು. ವಿಭಜನೆಗೆ ಮುನ್ನ ಕೇಂದ್ರದೊಳಗಿನ ಬಣ್ಣ ಹೀರುವ ದ್ರವ್ಯವು ಸಣ್ಣ ನೂಲುಗಳಾಗಿ ಸ್ಫುಟಗೊಳ್ಳುತ್ತದೆ. ನೂಲು ಮೋಟಾಗುತ್ತ ದಪ್ಪವಾಗುತ್ತದೆ. ಕೇಂದ್ರದ ಸುತ್ತಣ ಪೊರೆ ಮಾಯವಾಗುತ್ತದೆ. ಕೇಂದ್ರ ಕರಗಿತೆಂದು ಹಿಂದಿನವರು ಭ್ರಮಿಸಿದ್ದು ಇಲ್ಲಿಯೇ. ಕರಗಿದ್ದು ಪೊರೆ, ಒಳಗಿನ ನೂಲು ಎಲ್ಲಿಯೂ ಹೋಗಲಿಲ್ಲ. ಬಳಿಕ ನೂಲಿನ ತುಂಡುಗಳು ಕೋಶದ ನಡುಭಾಗಕ್ಕೆ ಬಂದು ಸಾಲುಗೂಡುತ್ತವೆ. ಅವುಗಳ ಎರಡು ಪಕ್ಕಗಳಲ್ಲಿ, ನಡುವೆ ಉಬ್ಬಿ ತುದಿಗಳಲ್ಲಿ ಚೂಪಾಗಿರುವ ನವಿರಾದ ಎಳೆಗಳ ರಚನೆಯೊಂದು ಕಾಣುತ್ತದೆ. ನೂಲುವ ಕದಿರಿನ ಆಕಾರವಿರುವುದರಿಂದ ಅದಕ್ಕೆ ಕದಿರೆಂದೇ ಹೆಸರು. ಅನಂತರ ತುಂಡುಗಳು ಎರಡು ಪಂಗಡಗಳಾಗಿ ಎದುರುಬದುರು ಧ್ರುವಗಳಿಗೆ ಸರಿಯುತ್ತವೆ. ಅಲ್ಲಿ ಮತ್ತೆ ಲಡಿಯಾಗಿ, ಮತ್ತೆ ಬಲೆಯಾಗಿ, ಪೊರೆಯನ್ನು ಹೊದ್ದು ಎರಡು ಕೇಂದ್ರಗಳಾಗುತ್ತವೆ. ಕಡೆಗೆ ಕೋಶದ ದೇಹವೂ ನಡುವೆ ಕಿರಿದಾಗಿ ಎರಡಾಗುತ್ತದೆ. ತಾಯಿಕೇಂದ್ರವು ಯಾವ ಮೆಟ್ಟಿಲುಗಳನ್ನು ಇಳಿದು ಬಂದಿತೋ ಅವೇ ಮೆಟ್ಟಿಲುಗಳನ್ನು ಮರಿಕೇಂದ್ರಗಳು ಹಿಮ್ಮುಖವಾಗಿ ಏರುತ್ತವೆ ಎಂಬ ಅಂಶವನ್ನೂ ಫ್ಲೆಮಿಂಗನು ಗುರುತಿಸಿದನು. ಇಂದು ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ಪ್ರೋಫೇಸ್, ಮೆಟಾಫೇಸ್, ಅನಾಫೇಸ್ ಎಂಬ ಹೆಸರುಗಳನ್ನು 1884ರಲ್ಲಿ ಷ್ಟ್ರಾಸ್‌ಬುರ್ಗರನೂ, ಟೆಲೋಫೇಸ್ ಎಂಬುದನ್ನು 1894ರಲ್ಲಿ ಹೈಡೆನ್‌ಹೈನನೂ ಕೊಟ್ಟರು. ಹೆಸರು ಅವರದಾದರೂ ಕ್ರಮವು ಬಹುಮಟ್ಟಿಗೆ ಫ್ಲೆಮಿಂಗನದು.

ಇವೆಲ್ಲಕ್ಕಿಂತ ಮಿಗಿಲಾದ ಒಂದು ಸಂಗತಿಯನ್ನು ಆತನು ಕಂಡನು. ನೂಲಿನ ಪ್ರತಿಯೊಂದು ತುಂಡೂ ಉದ್ದುದ್ದವಾಗಿ ಎರಡಾಗಿ ಸೀಳಿರುತ್ತದೆ. ಅಡ್ಡಲಾಗಿ ತುಂಡರಿಸಿದ್ದರೆ ಒಂದು ಭಾಗಕ್ಕೆ ತಲೆ, ಒಂದು ಭಾಗಕ್ಕೆ ಬಾಲ ಸಿಕ್ಕೀತು. ಉದ್ದುದ್ದವಾಗಿ ಸೀಳಿದರೆ, ಬಿದಿರಿನ ಗಳುವನ್ನು ನೆತ್ತಿಯಿಂದ ಬುಡದವರೆಗೆ ಸಿಗಿದಂತೆ, ಎರಡು ಪಾಲುಗಳಿಗೂ ಪ್ರತಿಯೊಂದು ಗೆಣ್ಣಿನಲ್ಲಿಯೂ ಸಮಭಾಗ. ಅಷ್ಟು ಸೂಕ್ಷ್ಮವಾದ ಸಮಪಾಲಿನ ವ್ಯವಸ್ಥೆ ನಿಷ್ಕಾರಣವಾಗಿ ಇರಲಾರದು. ಸೀಳಿದ ಎರಡು ಪಾಲುಗಳಲ್ಲಿ ಒಂದು ಈ ಮರಿಕೇಂದ್ರಕ್ಕೂ ಇನ್ನೊಂದು ಆ ಮರಿಕೇಂದ್ರಕ್ಕೂ ಹೋಗುತ್ತಿರಬಹುದೆಂಬ ಆಲೋಚನೆ ಫ್ಲೆಮಿಂಗನಿಗೆ ಹೊಳೆದಿತ್ತು. ಆದರೆ ಆ ಸಾಗಾಟದ ಪೂರ್ಣಪಥವನ್ನು ತಾನು ಕಣ್ಣಾರೆ ಹಿಂಬಾಲಿಸಿರಲಿಲ್ಲವಾದ ಕಾರಣ ಅದನ್ನು ಸಿದ್ಧಾಂತವೆಂದು ಘೋಷಿಸದೆ ಸಂಭವನೀಯತೆಯ ಮಟ್ಟದಲ್ಲಿಯೇ ಇರಿಸಿದನು. ಬೆಲ್ಜಿಯಮಿನ ವಾನ್ ಬೆನೆಡೆನ್ ಮತ್ತು ಜರ್ಮನಿಯ ಹಾಯ್ಸರ್ ಎಂಬವರು 1883-84ರಲ್ಲಿ ಅದನ್ನು ನಿಶ್ಚಯಗೊಳಿಸಿದರು. ಇಷ್ಟು ಹತ್ತಿರ ಬಂದು ನಿಂತನಲ್ಲ ಎಂದು ಕೆಲವರಿಗೆ ಅನ್ನಿಸಬಹುದು. ನನಗಾದರೋ ಆತನ ಗ್ರಂಥ ಇಂದಿಗೂ ನಂಬಿಕೆಗೆ ಅರ್ಹವಾಗಿ ಉಳಿದಿರುವುದಕ್ಕೆ ಈ ಸಂಯಮವೇ ಕಾರಣವೆಂದು ತೋರುತ್ತದೆ. ಕಂಡುದನ್ನು ಕಂಡುದೆಂದೂ ಊಹಿಸಿದುದನ್ನು ಊಹೆಯೆಂದೂ ಬೇರೆಬೇರೆಯಾಗಿ ಬರೆಯುವ ಪ್ರಾಮಾಣಿಕತೆ ವ್ಯಾಖ್ಯಾನಕಾರರಲ್ಲಿಯೇ ವಿರಳ.

ಈಗ ಹೆಸರುಗಳ ವಿಚಾರ. ಬಣ್ಣವನ್ನು ಹೀರುವ ಕೇಂದ್ರದ್ರವ್ಯಕ್ಕೆ ಆತನು ಕ್ರೊಮ್ಯಾಟಿನ್ ಎಂದು ಹೆಸರಿಟ್ಟನು. ಗ್ರೀಕಿನಲ್ಲಿ ಕ್ರೋಮ ಎಂದರೆ ಬಣ್ಣ. ಆ ದ್ರವ್ಯದ ರಾಸಾಯನಿಕ ಸ್ವರೂಪ ಖಚಿತವಾಗಿಲ್ಲದ ಕಾರಣ, ಸ್ವರೂಪವನ್ನು ಸೂಚಿಸುವ ಹೆಸರನ್ನು ಬಿಟ್ಟು ಲಕ್ಷಣವನ್ನು ಸೂಚಿಸುವ ಹೆಸರನ್ನೇ ಬಳಸಿದನು. ಮಿಷರ್ ಎಂಬಾತನು 1869ರಲ್ಲಿ ಕೀವಿನ ಕೋಶಗಳಿಂದ ಬೇರ್ಪಡಿಸಿದ್ದ ನ್ಯೂಕ್ಲೀನ್ ಎಂಬ ವಸ್ತುವೂ ಇದೂ ಒಂದೇ ಇರಬಹುದೆಂದು ಮಾತ್ರ ಸೂಚಿಸಿದನು. ಆ ನ್ಯೂಕ್ಲೀನೇ ಇಂದಿನ ಡಿಎನ್‌ಎ. ವಿಭಜನೆಯ ವಿಧಾನಕ್ಕೆ ಮೊದಲು ಪರೋಕ್ಷ ವಿಭಜನೆ ಎನ್ನುತ್ತಿದ್ದವನು, 1882ರ ಗ್ರಂಥದಲ್ಲಿ ಮೈಟೋಸಿಸ್ ಎಂದನು. ಮಿಟೋಸ್ ಎಂದರೆ ಗ್ರೀಕಿನಲ್ಲಿ ನೂಲು, ವಿಶೇಷವಾಗಿ ಮಗ್ಗಕ್ಕೆ ಹಾಸಿದ ನೂಲು. ನಮ್ಮ ನೇಕಾರರು ಹಾಸು ಎನ್ನುವುದು. ಹೊಕ್ಕಿನ ನೂಲು ಬಂದು ಹೋಗುತ್ತದೆ, ಹಾಸು ಆದಿಯಿಂದ ಅಂತ್ಯದವರೆಗೆ ಕಡಿಯದೆ ಸಾಗುತ್ತದೆ. ಕೋಶದಿಂದಲೇ ಕೋಶವೆಂಬ ವಿರ್ಖೋವನ ಸೂತ್ರವನ್ನು ಫ್ಲೆಮಿಂಗನು ಇನ್ನೊಂದು ಹೆಜ್ಜೆ ಮುಂದಕ್ಕೊಯ್ದು, ಕೇಂದ್ರವೂ ಕೇಂದ್ರದಿಂದಲೇ ಹುಟ್ಟುತ್ತದೆಂದು ಅದೇ ಲ್ಯಾಟಿನ್ ಧಾಟಿಯಲ್ಲಿ ಸಾರಿದನು. ಕಡಿಯದ ಹಾಸು ಎಂಬ ಅರ್ಥಕ್ಕೆ ಇದಕ್ಕಿಂತ ಒಪ್ಪುವ ಹೆಸರು ಇನ್ನಾವುದು? 1888ರಲ್ಲಿ ಬರ್ಲಿನ್ನಿನ ವಾಲ್ಡೆಯರನು ಕ್ರೋಮೋಸೋಮ್ ಎಂಬ ಶಬ್ದವನ್ನು ಬಳಕೆಗೆ ತಂದನು. ನಮ್ಮ ವರ್ಣತಂತುವು ಕ್ರೋಮದಲ್ಲಿರುವ ಬಣ್ಣವನ್ನೂ ಮಿಟೋಸಿನಲ್ಲಿರುವ ನೂಲನ್ನೂ ಒಂದೇ ಸಮಾಸದಲ್ಲಿ ಹೆಣೆದಿದೆ. ಮತ್ತೂ ಒಂದು ಮಾತು: ತಂತು ಎಂಬುದಕ್ಕೆ ಸಂಸ್ಕೃತದಲ್ಲಿ ನೂಲು ಎಂಬಂತೆಯೇ ಸಂತಾನಪರಂಪರೆ ಎಂಬ ಅರ್ಥವೂ ಉಂಟು. ಪ್ರಜಾತಂತು ಎಂಬ ಪ್ರಯೋಗವು ವೈದಿಕ ವಾಙ್ಮಯದಷ್ಟು ಹಳೆಯದು. ಗ್ರೀಕ್ ಶಬ್ದದಲ್ಲಿ ಇಲ್ಲದ ಧ್ವನಿಯೊಂದು ನಮ್ಮ ಶಬ್ದಕ್ಕೆ ಹೀಗೆ ಕೂಡಿಕೊಂಡಿದೆ. ಆ ಧ್ವನಿಯೇ ವಸ್ತುವಿನ ನಿಜವಾದ ಸ್ವಭಾವವೆಂದು ಶಾಸ್ತ್ರವು ಆಮೇಲೆ ಕಂಡುಕೊಂಡಿತು.

ಫ್ಲೆಮಿಂಗನು ಅದನ್ನು ಕಂಡುಕೊಳ್ಳಲಿಲ್ಲ. ಆತನು ಪ್ರಾಗ್‌ನಲ್ಲಿದ್ದ ವರ್ಷಗಳಲ್ಲಿ, ಅದೇ ಸಾಮ್ರಾಜ್ಯದ ಬ್ರನೋ ನಗರದಲ್ಲಿ ಅಗಸ್ಟೀನಿಯನ್ ಮಠದ ಅಧಿಪತಿಯಾಗಿ ಗ್ರೆಗೋರ್ ಮೆಂಡೆಲನು ಜೀವಿಸಿದ್ದನು. ಬಟಾಣಿ ಗಿಡಗಳ ಮೇಲೆ ಪ್ರಯೋಗ ನಡೆಸಿ, ತಂದೆತಾಯಿಗಳ ಗುಣಗಳು ಬಿಡಿಬಿಡಿಯಾದ ಅಂಶಗಳಾಗಿ, ಲೆಕ್ಕಬದ್ಧವಾಗಿ ಸಂತತಿಗೆ ಹಂಚಿಕೆಯಾಗುತ್ತವೆಂದು ಆತನು ತೋರಿಸಿದ್ದ ಪ್ರಬಂಧ 1866ರಲ್ಲಿಯೇ ಅಚ್ಚಾಗಿತ್ತು. ಮೆಂಡೆಲನ ಕೈಯಲ್ಲಿ ಲೆಕ್ಕವಿತ್ತು, ಹಂಚಿಕೆಯಾಗುವ ವಸ್ತು ಯಾವುದೆಂದು ತಿಳಿದಿರಲಿಲ್ಲ. ಫ್ಲೆಮಿಂಗನ ಕೈಯಲ್ಲಿ ವಸ್ತುವಿತ್ತು, ಲೆಕ್ಕವಿರಲಿಲ್ಲ. ಆ ಪ್ರಬಂಧವನ್ನು ಲೋಕವು ಮರೆತಿತ್ತು. ಮೆಂಡೆಲನು 1884ರಲ್ಲಿ ತೀರಿಕೊಂಡನು. 1900ರಲ್ಲಿ ಅದು ಮರುಹುಟ್ಟು ಪಡೆದಾಗ ಅಮೆರಿ­ಕದ ಸಟನ್ ಮತ್ತು ಜರ್ಮನಿಯ ಬೊವೆರಿ ಎಂಬವರು 1902-03ರಲ್ಲಿ ಆ ಲೆಕ್ಕವನ್ನೂ ಈ ವಸ್ತುವನ್ನೂ ಸೇರಿಸಿ, ಆನುವಂಶಿಕ ಗುಣಗಳನ್ನು ಹೊರುವುದು ವರ್ಣತಂತುಗಳೇ ಎಂದು ವಾದಿಸಿದರು. ಆಗ ಫ್ಲೆಮಿಂಗನು ಇನ್ನೂ ಬದುಕಿದ್ದನು. ಆದರೆ ಆರೋಗ್ಯವು ಆತನ ಕೈಬಿಟ್ಟಿತ್ತು. ಹೊಸ ಶತಮಾನದ ಆರಂಭದಲ್ಲಿಯೇ ಹುದ್ದೆಯಿಂದ ನಿವೃತ್ತನಾಗಿದ್ದನು. 1905ರ ಆಗಸ್ಟ್ 4ರಂದು, 62ನೆಯ ವಯಸ್ಸಿನಲ್ಲಿ, ಕೀಲ್ ನಗರದಲ್ಲಿ ನಿಧನಹೊಂದಿದನು.

ಆತನ ಬರಹದಲ್ಲಿ ದೋಷಗಳಿಲ್ಲವೆಂದಲ್ಲ. ಲಡಿಯ ಅವಸ್ಥೆಯಲ್ಲಿ ಇರುವುದು ಒಂದೇ ಉದ್ದನೆಯ ನೂಲು, ಅದೇ ಅನಂತರ ತುಂಡಾಗುತ್ತದೆ ಎಂದು ಆತನು ತಿಳಿದಿದ್ದನು. ವಾಸ್ತವವಾಗಿ ತಂತುಗಳು ಮೊದಲಿನಿಂದಲೂ ಬೇರೆಬೇರೆಯಾಗಿಯೇ ಇರುತ್ತವೆ. ಸಾಲಮಾಂಡರಿನಲ್ಲಿ 24 ತಂತುಗಳಿವೆಯೆಂಬ ಆತನ ಎಣಿಕೆ ಸರಿಯಾಗಿತ್ತು. ಮಾನವನ ಕಣ್ಣಿನ ಕಾರ್ನಿಯದ ಕೋಶಗಳಲ್ಲಿಯೂ ಸುಮಾರು ಅಷ್ಟೇ ಇರುವಂತೆ ಆತನಿಗೆ ತೋರಿದ್ದು ತಪ್ಪಾಗಿತ್ತು. ಈ ತಪ್ಪಿಗಾಗಿ ಆತನನ್ನು ಹಳಿಯಬೇಕಾಗಿಲ್ಲ. ಮುಂದೆ ಬಂದವರು ಮಾನವನಲ್ಲಿ 48 ಎಂದು ಎಣಿಸಿ ದಶಕಗಳ ಕಾಲ ಅದನ್ನೇ ಪಾಠ ಹೇಳಿದರು. ನಿಜವಾದ ಸಂಖ್ಯೆ 46 ಎಂಬುದನ್ನು ಸ್ವೀಡನ್ನಿನ ಲುಂಡ್‌ನಲ್ಲಿ ತಿಯೊ ಮತ್ತು ಲೆವಾನ್ ಎಂಬಿಬ್ಬರು 1956ರಲ್ಲಿ ಪ್ರಕಟಿಸಿದರು. ನಮ್ಮ ಶಾಲಾ ಪ್ರಯೋಗಾಲಯಗಳಲ್ಲಿ ಈರುಳ್ಳಿಯ ಬೇರಿನ ತುದಿಯನ್ನು ಕತ್ತರಿಸಿ, ಬಣ್ಣದಲ್ಲಿ ಕಾಯಿಸಿ, ಗಾಜಿನ ಪಟ್ಟಿಯ ನಡುವೆ ಒತ್ತಿ ನೋಡುವ ಪ್ರಯೋಗವುಂಟಷ್ಟೆ. ಈರುಳ್ಳಿಯಲ್ಲಿರುವುದು 16 ತಂತುಗಳು ಮಾತ್ರ. ಆ ಹದಿನಾರನ್ನು ಎಣಿಸಲು ಹೊರಟ ವಿದ್ಯಾರ್ಥಿಗೆ, ನಲವತ್ತಾರರ ಎಣಿಕೆ ಎಷ್ಟು ಕಷ್ಟವೆಂಬುದು ಐದು ನಿಮಿಷಗಳಲ್ಲಿ ಮನದಟ್ಟಾಗುತ್ತದೆ.

ಮತ್ತೊಂದು ವಿಚಾರದಲ್ಲಿ ಆ ಕಾಲದವರೆಲ್ಲರೂ ಮೋಸಹೋಗಿದ್ದರು. ಎರಡು ವಿಭಜನೆಗಳ ನಡುವೆ ಕೋಶದಲ್ಲಿ ಕಣ್ಣಿಗೆ ಕಾಣುವ ಚಲನೆಯೇನೂ ಇರದುದರಿಂದ, ಆ ಅವಧಿಯನ್ನು ವಿಶ್ರಾಂತಿಯ ಅವಸ್ಥೆಯೆಂದು ಕರೆಯುವ ವಾಡಿಕೆಯಿತ್ತು. ಮಸೂರದ ಮೂಲಕ ಕಾಣದಿದ್ದುದು ಇಲ್ಲವೇ ಇಲ್ಲವೆಂಬ ಭಾವನೆ ಅದರಲ್ಲಿ ಸೇರಿತ್ತು. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಆಲ್ಮಾ ಹೋವರ್ಡ್ ಮತ್ತು ಸ್ಟೀಫನ್ ಪೆಲ್ಕ್ ಎಂಬವರು ಬೀನ್ಸ್ ಜಾತಿಯ ಗಿಡವೊಂದರ ಬೇರುಗಳಿಗೆ ವಿಕಿರಣಶೀಲ ರಂಜಕವನ್ನು ಉಣಿಸಿ, ಡಿಎನ್‌ಎಯ ಪ್ರತಿ ಸಿದ್ಧವಾಗುವುದು ಈ ವಿಶ್ರಾಂತಿಯ ನಡುವೆಯೇ, ಅದೂ ನಿಯತವಾದ ಒಂದು ಅವಧಿಯಲ್ಲಿ ಎಂದು 1953ರಲ್ಲಿ ತೋರಿಸಿದರು. ಅದರಿಂದ ಕೋಶದ ಜೀವನವು ಒಂದು ಚಕ್ರವಾಗಿ ಕಾಣಿಸಿತು: ಮೊದಲು ಬೆಳವಣಿಗೆಯ ಅಂತರ, ಆಮೇಲೆ ಪ್ರತಿಲೇಖನದ ಅವಧಿ, ಮತ್ತೊಂದು ಅಂತರ, ಕಡೆಗೆ ಫ್ಲೆಮಿಂಗನು ವರ್ಣಿಸಿದ ವಿಭಜನೆ. ಬಿರುಸಿನಿಂದ ಬೆಳೆಯುವ ಮಾನವಕೋಶವೊಂದಕ್ಕೆ ಈ ಚಕ್ರ ಸುತ್ತಲು ಸುಮಾರು 24 ಗಂಟೆ ಬೇಕಾದರೆ, ವಿಭಜನೆಗೆ ಹಿಡಿಯುವುದು ಸುಮಾರು ಒಂದು ಗಂಟೆ. ಹಾಗಾದರೆ ಫ್ಲೆಮಿಂಗನು ಕಂಡ ಉದ್ದುದ್ದ ಸೀಳು ವಿಭಜನೆಯ ವೇಳೆಗೆ ಹೊಸದಾಗಿ ಆದುದಲ್ಲ. ವಿಶ್ರಾಂತಿಯೆನಿಸಿಕೊಂಡ ಹೊತ್ತಿನಲ್ಲಿಯೇ ತಂತು ಇಮ್ಮಡಿಯಾಗಿ ಮುಗಿದಿರುತ್ತದೆ. ಆತನು ಕಂಡದ್ದು ಆಗಲೇ ಸಿದ್ಧವಾಗಿದ್ದ ಜೋಡಿಯನ್ನು.

ಈ ಚಕ್ರವನ್ನು ಮುಂದಕ್ಕೆ ತಳ್ಳುವುದು ಏನು, ದೋಷ ಕಂಡಾಗ ತಡೆದು ನಿಲ್ಲಿಸುವುದು ಏನು ಎಂಬುದನ್ನು ಯೀಸ್ಟ್ ಮತ್ತು ಸೀ ಅರ್ಚಿನ್ ಎಂಬ ಕಡಲಜೀವಿಯ ತತ್ತಿಗಳ ಮೇಲೆ ಸಂಶೋಧಿಸಿದ ಹಾರ್ಟ್‌ವೆಲ್, ನರ್ಸ್, ಹಂಟ್ ಎಂಬ ಮೂವರಿಗೆ 2001ರ ನೊಬೆಲ್ ಪಾರಿತೋಷಕ ಸಂದಿತು. ತಡೆಯುವ ಕಟ್ಟಳೆ ಮುರಿದು ಕೋಶವು ಅಂಕೆಯಿಲ್ಲದೆ ವಿಭಜಿಸತೊಡಗಿದರೆ ಅದೇ ಅರ್ಬುದರೋಗ. ಆ ರೋಗಕ್ಕೆ ಬಳಸುವ ಔಷಧಗಳಲ್ಲಿ ಎರಡು, ನಮ್ಮ ಅಂಗಳಗಳಲ್ಲಿಯೂ ಗುಡಿಗಳ ಪಕ್ಕದಲ್ಲಿಯೂ ವರ್ಷವಿಡೀ ಹೂಬಿಡುವ ನಿತ್ಯಪುಷ್ಪದ ಗಿಡದಿಂದ ದೊರೆತವು. ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್ ಎಂದು ಅವುಗಳ ಹೆಸರು. ಅವು ಕೋಶದೊಳಗೆ ಕದಿರು ಕಟ್ಟದಂತೆ ತಡೆಯುತ್ತವೆ. ಕದಿರಿಲ್ಲದೆ ತಂತುಗಳು ಧ್ರುವಗಳತ್ತ ಸರಿಯಲಾರವು; ಫ್ಲೆಮಿಂಗನು ಸಾಲಮಾಂಡರಿನಲ್ಲಿ ಕಂಡು ಚಿತ್ರಿಸಿದ ಆ ಎರಡು ನಕ್ಷತ್ರಗಳು ಮೂಡದೆ, ಕೋಶವು ನಡುದಾರಿಯಲ್ಲಿಯೇ ನಿಂತುಬಿಡುತ್ತದೆ.